ಹಸಿ ಮೊಟ್ಟೆಯೋ, ಬೇಯಿಸಿದ ಮೊಟ್ಟೆಯೋ? ಒಂದು ಪೌಷ್ಟಿಕ ಲೆಕ್ಕಾಚಾರ



"ಮೊಟ್ಟೆಯನ್ನು ಹಸಿಯಾಗಿ ಕುಡಿದರೆ ಶಕ್ತಿ ಹೆಚ್ಚು, ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ" ಎಂಬ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದ್ದೇವೆ. ಹಿಂದೆ ಗರಡಿ ಮನೆಯ ಪೈಲ್ವಾನರು ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿಯುತ್ತಿದ್ದರು. ಈಗ ಜಿಮ್‌ಗೆ ಹೋಗುವ ಹುಡುಗರು ಅದನ್ನೇ ಮುಂದುವರಿಸಿದ್ದಾರೆ. ಮೈನೆರೆದ ಹುಡುಗಿಯರಿಗೆ ನಾಟಿ ಕೋಳಿಯ ಹಸಿ ಮೊಟ್ಟೆಯನ್ನು ಎಳ್ಳೆಣ್ಣೆಯೊಂದಿಗೆ ಕುಡಿಸುವ ಪದ್ಧತಿ ಹಲವು ಊರುಗಳಲ್ಲಿ ಇಂದಿಗೂ ಇದೆ. ಗಂಟಲು ಕಟ್ಟಿದರೆ, ಮೈ ಸೋತರೆ ಹಸಿ ಮೊಟ್ಟೆ ಕುಡಿ ಎನ್ನುವ ಹಿರಿಯರೂ ಇದ್ದಾರೆ.

ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಬರೀ ನಂಬಿಕೆ? ಉತ್ತರ ಕಂಡುಕೊಳ್ಳಲು ಮೂರು ಪ್ರಶ್ನೆ ಕೇಳಬೇಕು. ಮೊಟ್ಟೆಯೊಳಗೆ ಏನಿದೆ? ಅದರಲ್ಲಿ ನಮ್ಮ ದೇಹಕ್ಕೆ ನಿಜವಾಗಿ ಸೇರುವುದೆಷ್ಟು? ಅದರ ಜೊತೆಯಲ್ಲಿ ಬೇಡವಾದದ್ದು ಏನು ಬರಬಹುದು? ನಮ್ಮಲ್ಲಿ ಹೆಚ್ಚಿನವರು ಮೊದಲನೆಯ ಪ್ರಶ್ನೆಗೇ ನಿಂತುಬಿಡುತ್ತಾರೆ. ಎರಡನೆಯದೂ ಮೂರನೆಯದೂ ಅದಕ್ಕಿಂತ ಮುಖ್ಯ.

ಮೊಟ್ಟೆಯೊಳಗೆ ಏನಿದೆ?

ಚಿಪ್ಪು ತೆಗೆದು ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಸರಾಸರಿ ಇರುವುದು ಇಷ್ಟು:

– ಪ್ರೋಟೀನ್: 6 ಗ್ರಾಂಗಿಂತ ತುಸು ಹೆಚ್ಚು
– ಕೊಬ್ಬು: ಸುಮಾರು 5 ಗ್ರಾಂ
– ಶಕ್ತಿ: ಸುಮಾರು 70 ಕಿಲೋ ಕ್ಯಾಲರಿ
– ಎ, ಡಿ, ಬಿ2, ಬಿ12 ಜೀವಸತ್ವಗಳು, ಫೋಲೇಟ್, ಬಯೋಟಿನ್, ಕೋಲೀನ್
– ಕಬ್ಬಿಣ, ಸತು, ಸೆಲೆನಿಯಂ, ರಂಜಕ ಮುಂತಾದ ಖನಿಜಗಳು

ಬಿಳಿ ಭಾಗದಲ್ಲಿ ಬಹುಪಾಲು ನೀರು ಮತ್ತು ಪ್ರೋಟೀನ್. ಕೊಬ್ಬು, ಕೋಲೀನ್, ಹೆಚ್ಚಿನ ಜೀವಸತ್ವಗಳು ಇರುವುದು ಹಳದಿ ಭಾಗದಲ್ಲಿ. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಎಲ್ಲ ಅವಶ್ಯಕ ಅಮೈನೋ ಆಮ್ಲಗಳೂ ಮೊಟ್ಟೆಯ ಪ್ರೋಟೀನಿನಲ್ಲಿವೆ. 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಅನ್ನ, ಸಾರು, ರೊಟ್ಟಿಯ ಊಟಕ್ಕೆ ಮೊಟ್ಟೆ ಸೇರಿದರೆ ಈ ಗುರಿ ಮುಟ್ಟುವುದು ಸುಲಭ.

ಈ ಪಟ್ಟಿ ಹಸಿ ಮೊಟ್ಟೆಗೂ ಬೇಯಿಸಿದ ಮೊಟ್ಟೆಗೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಅದು ಮೊಟ್ಟೆಯಲ್ಲಿಲ್ಲ, ನಮ್ಮ ಕರುಳಿನಲ್ಲಿದೆ.

ಬೇಯಿಸಿದರೆ ಪ್ರೋಟೀನ್ ಸಾಯುತ್ತದೆಯೇ?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಜೈವಿಕ ಅಣುಗಳ ಪಾಠವನ್ನು ನೆನಪಿಸಿಕೊಳ್ಳಿ. ಡಿನೇಚರೇಷನ್ ಎಂದರೇನು ಎಂಬ ಪ್ರಶ್ನೆಗೆ ಪಠ್ಯ ಕೊಡುವ ಉದಾಹರಣೆಯೇ ಬೇಯಿಸಿದಾಗ ಗಟ್ಟಿಯಾಗುವ ಮೊಟ್ಟೆಯ ಬಿಳಿ ಭಾಗ. ಹಸಿ ಮೊಟ್ಟೆಯ ಪ್ರೋಟೀನ್ ಅಣುಗಳು ನೂಲಿನ ಉಂಡೆಗಳಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಬಿಸಿ ತಾಗಿದಾಗ ಹೈಡ್ರೋಜನ್ ಬಂಧಗಳು ಕಡಿದು ಉಂಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಪಾರದರ್ಶಕವಾಗಿದ್ದ ಲೋಳೆ ಬಿಳಿಯಾಗಿ ಗಟ್ಟಿಯಾಗುವುದು ಹೀಗೆ.

ಇಲ್ಲಿ ಪರೀಕ್ಷೆಗೂ ಬದುಕಿಗೂ ಬೇಕಾದ ಒಂದು ಅಂಶವಿದೆ. ಡಿನೇಚರೇಷನ್‌ನಲ್ಲಿ ಪ್ರೋಟೀನಿನ ದ್ವಿತೀಯಕ ಮತ್ತು ತೃತೀಯಕ ರಚನೆಗಳು ನಾಶವಾಗುತ್ತವೆ. ಪ್ರಾಥಮಿಕ ರಚನೆ, ಅಂದರೆ ಅಮೈನೋ ಆಮ್ಲಗಳ ಸರಪಳಿ, ಹಾಗೆಯೇ ಉಳಿಯುತ್ತದೆ. ನಮ್ಮ ಸ್ನಾಯುವಿಗೆ ಬೇಕಾಗಿರುವುದು ಮೊಟ್ಟೆಯ ಪ್ರೋಟೀನಿನ ಆಕಾರವಲ್ಲ, ಆ ಅಮೈನೋ ಆಮ್ಲಗಳು. ಆದ್ದರಿಂದ "ಬೇಯಿಸಿದರೆ ಪ್ರೋಟೀನ್ ಸಾಯುತ್ತದೆ" ಎಂಬ ಮಾತು ತಪ್ಪು. ಉಂಡೆ ಬಿಚ್ಚಿಕೊಂಡಾಗ ಪೆಪ್ಸಿನ್, ಟ್ರಿಪ್ಸಿನ್‌ಗಳಂಥ ಕಿಣ್ವಗಳಿಗೆ ಸರಪಳಿಯನ್ನು ಕತ್ತರಿಸಲು ಜಾಗ ಸಿಗುತ್ತದೆ. ಬಿಗಿ ಉಂಡೆಯ ಒಳಗೆ ಕಿಣ್ವದ ಕತ್ತರಿ ಆಡುವುದಿಲ್ಲ.

ಇನ್ನೊಂದು ತೊಡಕೂ ಇದೆ. ಬಿಳಿ ಭಾಗದಲ್ಲಿ ಓವೊಮ್ಯೂಕಾಯ್ಡ್ ಎಂಬ ಪ್ರೋಟೀನ್ ಇರುತ್ತದೆ. ಟ್ರಿಪ್ಸಿನ್‌ನಂಥ ಕಿಣ್ವಗಳ ಕೆಲಸವನ್ನು ತಡೆಯುವ ಗುಣ ಈ ಗುಂಪಿನ ಪ್ರೋಟೀನ್‌ಗಳದ್ದು. ಮರಿಯಾಗಬೇಕಾದ ಮೊಟ್ಟೆಯನ್ನು ಕಾಪಾಡಲು ಪ್ರಕೃತಿ ಇಟ್ಟ ಕಾವಲು ನಮ್ಮ ಜೀರ್ಣಕ್ರಿಯೆಗೆ ಅಡ್ಡಿಯಾಗುತ್ತದೆ.

ಪ್ರಯೋಗ ಏನು ಹೇಳುತ್ತದೆ?

ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮನುಷ್ಯರಲ್ಲೇ ಅಳೆದು 1998ರಲ್ಲಿ ಪ್ರಕಟಿಸಿದರು. ಕೋಳಿಗಳ ಆಹಾರದಲ್ಲಿ ಸ್ಥಿರ ಐಸೊಟೋಪ್‌ಗಳಿಂದ ಗುರುತು ಮಾಡಿದ ಅಮೈನೋ ಆಮ್ಲ ಬೆರೆಸಿ, ಗುರುತಿರುವ ಪ್ರೋಟೀನಿನ ಮೊಟ್ಟೆಗಳನ್ನು ಪಡೆದರು. ಶಸ್ತ್ರಚಿಕಿತ್ಸೆಯಿಂದಾಗಿ ಸಣ್ಣ ಕರುಳಿನ ಕೊನೆಯನ್ನು ಹೊಟ್ಟೆಯ ಹೊರಗಿನ ಚೀಲಕ್ಕೆ ಜೋಡಿಸಿದ್ದ 5 ಮಂದಿಗೆ ಅವನ್ನು ಒಮ್ಮೆ ಹಸಿಯಾಗಿ, ಒಮ್ಮೆ ಬೇಯಿಸಿ ಕೊಟ್ಟರು. ಸಣ್ಣ ಕರುಳು ಹೀರದೆ ಬಿಟ್ಟ ಪ್ರೋಟೀನ್ ಚೀಲಕ್ಕೆ ಬರುವುದರಿಂದ ಅದನ್ನು ನೇರವಾಗಿ ಅಳೆಯಲು ಸಾಧ್ಯವಾಯಿತು.

ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ದೇಹಕ್ಕೆ ಸೇರಿದ್ದು ಶೇಕಡಾ 90.9. ಹಸಿ ಮೊಟ್ಟೆಯಲ್ಲಿ ಶೇಕಡಾ 51.3 ಮಾತ್ರ.

ಐದೇ ಜನರ ಪ್ರಯೋಗವನ್ನು ನಂಬಬಹುದೇ ಎಂದು ನೀವು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಅದೇ ತಂಡ 1999ರಲ್ಲಿ ಆರೋಗ್ಯವಂತರ ಮೇಲೆ ಬೇರೆ ವಿಧಾನದಲ್ಲಿ ಪ್ರಯೋಗ ನಡೆಸಿತು. ಸಣ್ಣ ಕರುಳಿನಲ್ಲಿ ಹೀರಿಕೆಯಾಗದೆ ಉಳಿದದ್ದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು ಶೇಕಡಾ 6, ಹಸಿ ಮೊಟ್ಟೆಯಲ್ಲಿ ಸುಮಾರು ಶೇಕಡಾ 35. ಅಂಕಿ ಬದಲಾಯಿತು, ತೀರ್ಮಾನ ಬದಲಾಗಲಿಲ್ಲ. ಹೀರಿಕೆಯಾಗದ ಪ್ರೋಟೀನ್ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ನಾಲ್ಕು ಮೊಟ್ಟೆಯಲ್ಲಿ 25 ಗ್ರಾಂ ಪ್ರೋಟೀನ್ ಇದೆ ಎಂದುಕೊಳ್ಳಿ.

ಬೇಯಿಸಿದರೆ: 25 × 0.909 = ಸುಮಾರು 22.7 ಗ್ರಾಂ
ಹಸಿಯಾಗಿ ಕುಡಿದರೆ: 25 × 0.513 = ಸುಮಾರು 12.8 ಗ್ರಾಂ

ಅಂದರೆ 1998ರ ಅಂಕಿಯ ಪ್ರಕಾರ ನಾಲ್ಕು ಹಸಿ ಮೊಟ್ಟೆ ಎರಡೂಕಾಲು ಬೇಯಿಸಿದ ಮೊಟ್ಟೆಗೆ ಸಮ. ಒಂದು ಮೊಟ್ಟೆಗೆ 7 ರೂಪಾಯಿ ಎಂದಿಟ್ಟುಕೊಂಡರೆ 28 ರೂಪಾಯಿ ಕೊಟ್ಟು 16 ರೂಪಾಯಿಯ ಪ್ರೋಟೀನ್ ಪಡೆದಂತೆ. ಮನೆಯಿಂದ ಕೊಟ್ಟ ಖರ್ಚಿನ ಹಣದಲ್ಲಿ ಮೊಟ್ಟೆ ಕೊಳ್ಳುವ ವಿದ್ಯಾರ್ಥಿಗೆ ಇದು ಸಣ್ಣ ನಷ್ಟವಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ 45 ಯುವಕರಿಗೆ ವ್ಯಾಯಾಮದ ನಂತರ ಐದು ಹಸಿ ಮೊಟ್ಟೆ, ಇಲ್ಲವೇ ಐದು ಬೇಯಿಸಿದ ಮೊಟ್ಟೆ, ಇಲ್ಲವೇ ಪ್ರೋಟೀನ್ ಕಡಿಮೆ ಇರುವ ಉಪಾಹಾರ ಕೊಟ್ಟು ಪರೀಕ್ಷಿಸಿದರು. 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ರಕ್ತಕ್ಕೆ ಬಂದ ಅವಶ್ಯಕ ಅಮೈನೋ ಆಮ್ಲಗಳ ಗರಿಷ್ಠ ಮಟ್ಟ ಬೇಯಿಸಿದ ಮೊಟ್ಟೆ ತಿಂದವರಲ್ಲೇ ಹೆಚ್ಚಿತ್ತು. ಆದರೆ ಮುಂದಿನ ಕೆಲವು ಗಂಟೆಗಳಲ್ಲಿ ಸ್ನಾಯು ಪ್ರೋಟೀನ್ ತಯಾರಾದ ವೇಗದಲ್ಲಿ ಹಸಿ ಮತ್ತು ಬೇಯಿಸಿದ ಮೊಟ್ಟೆಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ಹಸಿ ಮೊಟ್ಟೆ ತಿಂದರೆ ಸ್ನಾಯು ಬೆಳೆಯುವುದೇ ಇಲ್ಲ" ಎನ್ನುವುದು ಉತ್ಪ್ರೇಕ್ಷೆ. "ಹಸಿ ಮೊಟ್ಟೆಯಿಂದಲೇ ಹೆಚ್ಚು ಬೆಳೆಯುತ್ತದೆ" ಎನ್ನುವುದಕ್ಕೆ ಮಾತ್ರ ಎಲ್ಲೂ ಆಧಾರ ಸಿಗಲಿಲ್ಲ.

ಒಂದೇ ಮೊಟ್ಟೆಯಲ್ಲಿ ಜೀವಸತ್ವವೂ ಅದರ ಬಲೆಯೂ

1927ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಮಾರ್ಗರೆಟ್ ಬೋವಸ್ ಎಂಬ ವಿಜ್ಞಾನಿ ಇಲಿಗಳಿಗೆ ಪ್ರೋಟೀನ್ ಮೂಲವಾಗಿ ಮೊಟ್ಟೆಯ ಹಸಿ ಬಿಳಿ ಭಾಗವನ್ನೇ ಕೊಟ್ಟರು. ಇಲಿಗಳ ಚರ್ಮ ಕೆಂಪಾಗಿ ಸುಲಿಯಿತು, ಕೂದಲು ಉದುರಿತು. ಯಕೃತ್ತು, ಯೀಸ್ಟ್ ಮುಂತಾದ ಆಹಾರದಲ್ಲಿರುವ ಯಾವುದೋ ಒಂದು ವಸ್ತು ಈ ರೋಗವನ್ನು ತಡೆಯುತ್ತಿತ್ತು.

ಆ ವಸ್ತುವೇ ಬಯೋಟಿನ್, ಬಿ ಗುಂಪಿನ ಒಂದು ಜೀವಸತ್ವ. 1936ರಲ್ಲಿ ಕೋಗ್ಲ್ ಮತ್ತು ಟೋನಿಸ್ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು ಮೊಟ್ಟೆಯ ಹಳದಿ ಭಾಗದಿಂದಲೇ. 250 ಕಿಲೋ ಒಣ ಹಳದಿಯಿಂದ ಸಿಕ್ಕಿದ್ದು ಸುಮಾರು 1 ಮಿಲಿಗ್ರಾಂ! 1940ರ ಹೊತ್ತಿಗೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬಿಳಿ ಭಾಗದ ಅಪರಾಧಿಯೂ ಪತ್ತೆಯಾಯಿತು. ಅದು ಅವಿಡಿನ್ ಎಂಬ ಪ್ರೋಟೀನ್. ಒಂದು ಅವಿಡಿನ್ ಅಣು ನಾಲ್ಕು ಬಯೋಟಿನ್ ಅಣುಗಳನ್ನು ಹಿಡಿಯುತ್ತದೆ. ಆ ಹಿಡಿತ ಎಷ್ಟು ಬಿಗಿಯೆಂದರೆ ನಮ್ಮ ಜೀರ್ಣರಸಗಳಿಂದ ಬಿಡಿಸಲಾಗದು. ಬಯೋಟಿನ್ ಹಾಗೆಯೇ ದೇಹದಿಂದ ಹೊರಹೋಗುತ್ತದೆ. ಪ್ರಯೋಗಾಲಯದಲ್ಲಿ ಇದೇ ಹಿಡಿತ ಉಪಕಾರಿ. ಜೀವಶಾಸ್ತ್ರದಲ್ಲಿ ನೀವು ಓದುವ ಎಲೈಸಾದಂಥ ಪರೀಕ್ಷೆಗಳಲ್ಲಿ ಅವಿಡಿನ್–ಬಯೋಟಿನ್ ಜೋಡಿಯನ್ನು ಬಳಸುತ್ತಾರೆ.

1942ರಲ್ಲಿ ಅಮೆರಿಕದಲ್ಲಿ ಕೆಲವು ಸ್ವಯಂಸೇವಕರು ಕ್ಯಾಲರಿಯ ದೊಡ್ಡ ಪಾಲು ಹಸಿ ಬಿಳಿ ಭಾಗದಿಂದಲೇ ಬರುವ ಆಹಾರ ಸೇವಿಸಿದಾಗ ಕೆಲವೇ ವಾರಗಳಲ್ಲಿ ಚರ್ಮ ಸುಲಿಯುವುದು, ಸುಸ್ತು, ಖಿನ್ನತೆ, ಹಸಿವಿಲ್ಲದಿರುವುದು ಕಾಣಿಸಿಕೊಂಡವು. ಬಯೋಟಿನ್ ಕೊಟ್ಟಾಗ ಗುಣವಾದರು.

ಹೆದರುವ ಅಗತ್ಯವಿಲ್ಲ. ಎಂದೋ ಒಂದು ಹಸಿ ಮೊಟ್ಟೆ ತಿಂದವರಿಗೆ ಬಯೋಟಿನ್ ಕೊರತೆ ಬರುವುದಿಲ್ಲ. ತಿಂಗಳುಗಟ್ಟಲೆ ದಿನಾ ಹಲವು ಹಸಿ ಮೊಟ್ಟೆ, ಅದರಲ್ಲೂ ಹಳದಿ ಬಿಟ್ಟು ಬರೀ ಬಿಳಿ ಭಾಗ ಕುಡಿಯುವವರು ಎಚ್ಚರ ವಹಿಸಬೇಕು. ಚೆನ್ನಾಗಿ ಬೇಯಿಸಿದರೆ ಅವಿಡಿನ್ ತನ್ನ ಆಕಾರ ಕಳೆದುಕೊಳ್ಳುತ್ತದೆ, ಬಲೆ ಹರಿಯುತ್ತದೆ. ಕೂದಲು ಚೆನ್ನಾಗಿ ಬೆಳೆಯಲೆಂದು ಹಸಿ ಮೊಟ್ಟೆ ಕುಡಿಯುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಕಣ್ಣಿಗೆ ಕಾಣದ ಅಪಾಯ

ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಯ ಹೆಸರು ನಿಮಗೆ ಪಠ್ಯದಿಂದಲೇ ಗೊತ್ತು. ಅದರ ಸಂಬಂಧಿ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಮೊಟ್ಟೆಯ ಮೂಲಕ ಬರುತ್ತದೆ. ಅದು ತರುವುದು ಟೈಫಾಯ್ಡ್ ಅಲ್ಲ, ಕರುಳಿನ ಸೋಂಕು: ಭೇದಿ, ಜ್ವರ, ಹೊಟ್ಟೆ ಹಿಂಡುವ ನೋವು, ವಾಂತಿ. ಸಾಮಾನ್ಯವಾಗಿ ತಿಂದ 6ರಿಂದ 72 ಗಂಟೆಗಳೊಳಗೆ ಶುರುವಾಗಿ ಎರಡರಿಂದ ಏಳು ದಿನ ಇರುತ್ತದೆ.

ಈ ಬ್ಯಾಕ್ಟೀರಿಯಾ ಮೊಟ್ಟೆಗೆ ಸೇರುವ ದಾರಿ ಎರಡು. ಒಂದು ಹೊರಗಿನಿಂದ. ಹಿಕ್ಕೆ ತಾಗಿದ ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಒಳಗೆ ಹೋಗಬಹುದು, ಇಲ್ಲವೇ ಒಡೆಯುವಾಗ ಬೆರೆಯಬಹುದು. ಇನ್ನೊಂದು ಒಳಗಿನಿಂದ. ಸೋಂಕು ತಗಲಿದ ಕೋಳಿಯ ಅಂಡಾಶಯದಲ್ಲೇ, ಚಿಪ್ಪು ಕಟ್ಟುವ ಮೊದಲೇ ಸೇರಿಬಿಡಬಹುದು. ಅಂಥ ಮೊಟ್ಟೆಯ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. "ನಾಟಿ ಮೊಟ್ಟೆ, ಈಗಷ್ಟೇ ಇಟ್ಟದ್ದು, ಏನೂ ಆಗಲ್ಲ" ಎಂಬ ಭರವಸೆ ಇಲ್ಲಿ ನಿಲ್ಲುವುದಿಲ್ಲ. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆಯೂ ಮೊಟ್ಟೆ ಎಷ್ಟು ಹಳೆಯದು ಎಂದಷ್ಟೇ ಹೇಳುತ್ತದೆ, ಸೋಂಕಿದೆಯೋ ಇಲ್ಲವೋ ಹೇಳುವುದಿಲ್ಲ.

ಎಲ್ಲ ಮೊಟ್ಟೆಯಲ್ಲೂ ಸೋಂಕಿರುವುದಿಲ್ಲ ಎಂಬುದು ನಿಜ. ಆರೋಗ್ಯವಂತ ಯುವಕ ತಾನೊಬ್ಬನೇ ಕುಡಿದರೆ ಬಹುಶಃ ಏನೂ ಆಗದೇ ಹೋಗಬಹುದು. ಅದೇ ಹಸಿ ಮೊಟ್ಟೆ ಗರ್ಭಿಣಿ ಅಕ್ಕನಿಗೆ, ಬಾಣಂತಿಗೆ, ಪುಟ್ಟ ತಮ್ಮನಿಗೆ, ಸಕ್ಕರೆ ಕಾಯಿಲೆಯಿರುವ ಅಜ್ಜಿಗೆ ಹೋದಾಗ ಲೆಕ್ಕವೇ ಬೇರೆ. ಅವರಲ್ಲಿ ನಿರ್ಜಲೀಕರಣ ಬೇಗ ಆಗುತ್ತದೆ, ಸೋಂಕು ರಕ್ತಕ್ಕೆ ಹರಡುವ ಸಾಧ್ಯತೆಯೂ ಹೆಚ್ಚು. ನಮ್ಮಲ್ಲಿ ಹಸಿ ಮೊಟ್ಟೆಯನ್ನು "ಶಕ್ತಿಗೆ" ಎಂದು ಕೊಡುವುದು ಹೆಚ್ಚಾಗಿ ಹೀಗೆ ಬಳಲಿದವರಿಗೇ ಎಂಬುದನ್ನು ಯೋಚಿಸಬೇಕು.

ಹಸಿ ಮೊಟ್ಟೆ ಎಂದರೆ ಲೋಟದಲ್ಲಿರುವುದು ಮಾತ್ರವಲ್ಲ. ಶವರ್ಮಾ, ಅಲ್‌ಫಾಮ್, ಮಂದಿಯ ಜೊತೆ ಬರುವ ಬಿಳಿ ಮಯೋನೀಸ್ ಹಲವು ಕಡೆ ಹಸಿ ಮೊಟ್ಟೆಯನ್ನು ಎಣ್ಣೆಯೊಂದಿಗೆ ಕಡೆದು ಮಾಡಿದ್ದೇ ಆಗಿರುತ್ತದೆ. ಬೆಳಗ್ಗೆ ಮಾಡಿ ಸಂಜೆಯವರೆಗೆ ಹೊರಗಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ತಲಾ ಒಂದು ವರ್ಷ ಅದನ್ನು ನಿಷೇಧಿಸಿದವು.

ಜಪಾನಿನವರು ತಿನ್ನುತ್ತಾರಲ್ಲ?

ಹೌದು. ಜಪಾನಿನಲ್ಲಿ ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆದು ತಿನ್ನುವುದು ನಿತ್ಯದ ಊಟ. ಆದರೆ ಅಲ್ಲಿ ಮೊಟ್ಟೆಗಳನ್ನು ತೊಳೆದು, ಪರೀಕ್ಷಿಸಿ, "ಹಸಿಯಾಗಿ ತಿನ್ನಲು ಕೊನೆಯ ದಿನ" ಎಂದು ದಿನಾಂಕ ಹಾಕಿ ಮಾರುತ್ತಾರೆ. ಆ ದಿನ ಮೀರಿದರೆ ಬೇಯಿಸಿಯೇ ತಿನ್ನಬೇಕು.

ಬ್ರಿಟನ್ನಿನ ಕಥೆ ಇನ್ನೂ ಪಾಠ ಕಲಿಸುತ್ತದೆ. 1988ರ ಡಿಸೆಂಬರ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಕಿರಿಯ ಸಚಿವೆ ಎಡ್ವಿನಾ ಕರಿ, ದೇಶದ ಮೊಟ್ಟೆ ಉತ್ಪಾದನೆಯ ಬಹುಪಾಲಿಗೆ ಸಾಲ್ಮೊನೆಲ್ಲಾ ತಗಲಿದೆ ಎಂದರು. ಮೊಟ್ಟೆ ಮಾರಾಟ ಕುಸಿಯಿತು, ಎರಡು ವಾರದಲ್ಲಿ ಅವರು ರಾಜೀನಾಮೆ ಕೊಟ್ಟರು. ಮುಂದೆ 1998ರಿಂದ ಕೋಳಿಗಳಿಗೆ ಲಸಿಕೆ ಹಾಕಿ, ಸಿಂಹದ ಮುದ್ರೆಯೊಂದಿಗೆ ಮೊಟ್ಟೆ ಮಾರುವ ಯೋಜನೆ ಬಂತು. ಸುಮಾರು ಎರಡು ದಶಕದ ನಂತರ, 2017ರಲ್ಲಿ, ಆ ಮುದ್ರೆಯ ಮೊಟ್ಟೆಯನ್ನು ಗರ್ಭಿಣಿಯರೂ ಮಕ್ಕಳೂ ಹಸಿಯಾಗಿ ಅಥವಾ ಅರೆಬೆಂದದ್ದಾಗಿ ತಿನ್ನಬಹುದು ಎಂದು ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಹೇಳಿತು.

ಅಂದರೆ ಸುರಕ್ಷತೆ ಮೊಟ್ಟೆಯಿಂದ ಬಂದದ್ದಲ್ಲ, ವ್ಯವಸ್ಥೆಯಿಂದ ಬಂದದ್ದು. ನಮ್ಮ ಅಂಗಡಿಯಲ್ಲಿ ಬಿಸಿಲ ಬೇಗೆಯಲ್ಲಿ ಟ್ರೇಗಳಲ್ಲಿ ಜೋಡಿಸಿಟ್ಟ ಮೊಟ್ಟೆಗೆ ಅಂಥ ಖಾತರಿ ಇಲ್ಲ. ನಮ್ಮ ಕೈಲಿರುವ ಖಾತರಿ ಒಂದೇ, ಒಲೆಯ ಬೆಂಕಿ.

ಹಸಿ ಮೊಟ್ಟೆಯ ಪರವಾಗಿ ಏನಿದೆ?

ನ್ಯಾಯವಾಗಿ ನೋಡೋಣ. ಬಿಸಿಗೆ ಕೆಲವು ಬಿ ಜೀವಸತ್ವಗಳು, ಡಿ ಜೀವಸತ್ವ ಸ್ವಲ್ಪ ಕಡಿಮೆಯಾಗುತ್ತವೆ. ಹಸಿಯಾಗಿ ತಿಂದರೆ ಈ ನಷ್ಟವಿಲ್ಲ. ಆದರೆ ನೀರಿನಲ್ಲಿ ಬೇಯಿಸಿದಾಗ ಡಿ ಜೀವಸತ್ವದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಉಳಿಯುತ್ತದೆ. ಓವನ್ನಿನಲ್ಲಿ ಬಹಳ ಹೊತ್ತು ಸುಟ್ಟರೆ ಮಾತ್ರ ನಷ್ಟ ಹೆಚ್ಚು. ಎಣ್ಣೆ ಬೇಡ, ಸಮಯ ಉಳಿಯುತ್ತದೆ ಎಂಬುದು ಇನ್ನೊಂದು ವಾದ. ನೀರಿನಲ್ಲಿ ಬೇಯಿಸಲೂ ಎಣ್ಣೆ ಬೇಡ. ಕಂಠಕ್ಕೆ ಒಳ್ಳೆಯದು ಎಂಬ ಮಾತಿಗೆ ಅಂಗರಚನೆಯೇ ಉತ್ತರ ಕೊಡುತ್ತದೆ. ನುಂಗಿದ ಆಹಾರ ಅನ್ನನಾಳಕ್ಕೆ ಹೋಗುತ್ತದೆ; ಧ್ವನಿಪೆಟ್ಟಿಗೆಯನ್ನು ಆಗ ಎಪಿಗ್ಲಾಟಿಸ್ ಮುಚ್ಚಿರುತ್ತದೆ. ಮೊಟ್ಟೆ ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ.

ತಕ್ಕಡಿಯ ಒಂದು ಕಡೆ ಅಲ್ಪಸ್ವಲ್ಪ ಜೀವಸತ್ವ, ಇನ್ನೊಂದು ಕಡೆ ಪ್ರೋಟೀನಿನ ದೊಡ್ಡ ಪಾಲು, ಬಯೋಟಿನ್ ಮತ್ತು ಸುರಕ್ಷತೆ. ಯಾವ ಕಡೆ ಭಾರ ಎಂದು ಬಿಡಿಸಿ ಹೇಳಬೇಕಿಲ್ಲ.

ಅಡುಗೆಮನೆಯಲ್ಲಿ ನೆನಪಿಡಬೇಕಾದದ್ದು

1. ಬಿಳಿ ಮತ್ತು ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ. ಒಳಗಿನ ಉಷ್ಣಾಂಶ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾ ಉಳಿಯದು. ನೀರು ಕುದಿಯಲು ಶುರುವಾದ ಮೇಲೆ 10ರಿಂದ 12 ನಿಮಿಷ ಸಾಕು.
2. ಅತಿಯಾಗಿ ಬೇಯಿಸಿದಾಗ ಹಳದಿಯ ಸುತ್ತ ಕಾಣುವ ಹಸಿರು ಉಂಗುರ ಕಬ್ಬಿಣದ ಸಲ್ಫೈಡ್. ತಿಂದರೆ ಅಪಾಯವಿಲ್ಲ.
3. ಹಾಫ್ ಬಾಯಿಲ್, ಬುಲ್ಸ್ ಐ ಇಷ್ಟಪಡುವವರು ಹಳದಿ ಹರಿಯುತ್ತಿದ್ದರೆ ಅದು ಪೂರ್ತಿ ಬೆಂದಿಲ್ಲ ಎಂದು ತಿಳಿಯಿರಿ. ಗರ್ಭಿಣಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಅದನ್ನು ಕೊಡಬೇಡಿ.
4. ಬಿರುಕು ಬಿಟ್ಟ, ಹಿಕ್ಕೆ ಅಂಟಿದ ಮೊಟ್ಟೆ ಕೊಳ್ಳಬೇಡಿ. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.
5. ರಾತ್ರಿಯೇ ಬೇಯಿಸಿ ಸಿಪ್ಪೆ ಸುಲಿಯದೆ ಫ್ರಿಜ್ಜಿನಲ್ಲಿಟ್ಟರೆ ಬೆಳಗಿನ ವ್ಯಾಯಾಮಕ್ಕೂ ರಂಜಾನಿನ ಸಹರಿಗೂ ಸಿದ್ಧ. ಸಮಯವಿಲ್ಲ ಎಂಬ ನೆಪವೂ ಉಳಿಯುವುದಿಲ್ಲ.
6. ಭೇದಿ ಶುರುವಾದರೆ ಓಆರ್‌ಎಸ್ ಕುಡಿಯಿರಿ. ಮಲದಲ್ಲಿ ರಕ್ತ, ಬಿಡದ ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಹಿರಿಯರು ಹಸಿ ಮೊಟ್ಟೆ ಕೊಟ್ಟದ್ದು ಮಕ್ಕಳ ಮೈಗೆ ಬಲ ಬರಲಿ ಎಂಬ ಅಕ್ಕರೆಯಿಂದ. ಆ ಅಕ್ಕರೆಯನ್ನು ತಳ್ಳಿಹಾಕಬೇಕಿಲ್ಲ. ಅದೇ ಮೊಟ್ಟೆಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟರೆ ಅವರು ಬಯಸಿದ ಬಲ ಹೆಚ್ಚು ಸಿಗುತ್ತದೆ ಎಂದು ಮನೆಯಲ್ಲಿ ಗೌರವದಿಂದ ತಿಳಿಸಿ ಹೇಳುವುದು ವಿಜ್ಞಾನ ಓದುವ ನಿಮ್ಮ ಕೆಲಸ.

ಅಭ್ಯಾಸ ಪ್ರಶ್ನೆಗಳು

1. ಡಿನೇಚರೇಷನ್‌ನಲ್ಲಿ ಪ್ರೋಟೀನಿನ ಯಾವ ರಚನೆ ಉಳಿಯುತ್ತದೆ? ಬೇಯಿಸಿದ ಮೊಟ್ಟೆಯ ಪೌಷ್ಟಿಕತೆಗೆ ಅದು ಏಕೆ ಮುಖ್ಯ?
2. ಮೊಟ್ಟೆಯ ಹಳದಿ ಭಾಗದಲ್ಲಿ ಬಯೋಟಿನ್ ಹೇರಳವಾಗಿದ್ದರೂ ಹಸಿ ಬಿಳಿ ಭಾಗ ತಿಂದ ಇಲಿಗಳಿಗೆ ಅದರ ಕೊರತೆ ಏಕೆ ಬಂತು?
3. 1999ರ ಅಂಕಿಗಳನ್ನು ಬಳಸಿ, ನಾಲ್ಕು ಹಸಿ ಮೊಟ್ಟೆಯ 25 ಗ್ರಾಂ ಪ್ರೋಟೀನಿನಲ್ಲಿ ದೇಹಕ್ಕೆ ಸೇರುವುದೆಷ್ಟು ಎಂದು ಲೆಕ್ಕ ಹಾಕಿ. 1998ರ ಉತ್ತರದೊಂದಿಗೆ ಹೋಲಿಸಿ.
4. ಕೈಗಾರಿಕೆಯಲ್ಲಿ ಒಡೆದ ಮೊಟ್ಟೆಯ ದ್ರವವನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರೂವರೆ ನಿಮಿಷ ಇಟ್ಟು ಪಾಶ್ಚರೀಕರಿಸುವ ಕ್ರಮವಿದೆ. ಮೊಟ್ಟೆ ಗಟ್ಟಿಯಾಗದೆ ಬ್ಯಾಕ್ಟೀರಿಯಾ ಸಾಯುವುದು ಹೇಗೆ ಸಾಧ್ಯ? ಗೆಳೆಯರೊಂದಿಗೆ ಚರ್ಚಿಸಿ.